ಮುಚ್ಚಳದ ಒಳಗಿನ ಗೀರು

ಕಿರವತ್ತಿ ಸಂತೆಯ ತುದಿಯಲ್ಲಿ, ತರಕಾರಿಯವರ ತಾಡಪತ್ರಿಯ ನೆರಳು ಮುಗಿಯುವ ಕಡೆ, ಗುಜರಿ ಸಾಮಾನಿನವನೊಬ್ಬ ಗೋಣಿಚೀಲ ಹಾಸಿಕೊಂಡು ಕೂತಿದ್ದ. ಹಿಡಿಯಿಲ್ಲದ ಕುಡಗೋಲು, ಪಿನ್ನು ಕಟ್ಟಿಹೋದ ಸ್ಟೋವಿನ ತಲೆ, ಸೈಕಲ್ಲಿನ ಡೈನಮೊ, ಹೊಟ್ಟೆ ಬಿಚ್ಚಿದ ಟ್ರಾನ್ಸಿಸ್ಟರು. ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ನಟ್ಟು, ಬೋಲ್ಟು, ಹಳೆಯ ಬೀಗದ ಕೈಗಳ ನಡುವೆ ಬೆಲ್ಟಿಲ್ಲದ ಕೈಗಡಿಯಾರವೊಂದು ಗಾಜಿಗೆ ಮುಖ ಒತ್ತಿಕೊಂಡು ಬಿದ್ದಿತ್ತು. 2018ರ ಮಾತು. ನಾನು ಊರಿಗೆ ಹೋದದ್ದು ಅವ್ವನಿಗೆ ಮೈ ಸರಿಯಿಲ್ಲ ಎಂದು. ಸಂತೆಗೆ ಬಂದದ್ದು ಅವಳು ಹೇಳಿದ ವೀಳ್ಯದೆಲೆಗೆ.

ಬಾಟಲಿ ಬಗ್ಗಿಸಿ ಗಡಿಯಾರ ತೆಗೆದುಕೊಂಡವನು ಮೊದಲು ಅದರ ಬೆನ್ನು ನೋಡಿದೆ. ಮುಖ ನೋಡಿದ್ದು ಆಮೇಲೆ. ಯಾಕೆ ಹಾಗೆ ಮಾಡಿದೆ ಎಂದು ಆಗ ಯೋಚಿಸಲಿಲ್ಲ. ಮನೆಗೆ ನಡೆದು ಬರುವಾಗ, ಡಿಪೋದ ಬೇಲಿಯ ಪಕ್ಕ ಹಾಯುವಾಗ, ಹೊಳೆಯಿತು. ಅದು ಅಪ್ಪ ಕಲಿಸಿದ ಅಭ್ಯಾಸ.

ಅಪ್ಪ ಕಿರವತ್ತಿಯ ಕಟ್ಟಿಗೆ ಡಿಪೋದಲ್ಲಿ ವಾಚರ್ ಆಗಿದ್ದ. ಹುಬ್ಬಳ್ಳಿಯಿಂದ ಕಾರವಾರದ ಕಡೆ ಬಸ್ಸು ಹಿಡಿದವರಿಗೆ ಈ ಊರು ಗೊತ್ತು. ಕಲಘಟಗಿ ದಾಟಿ ಬಯಲು ಮುಗಿದು ಕಾಡು ಶುರುವಾಗುತ್ತದೆ, ಯಲ್ಲಾಪುರ ಇನ್ನೂ ಮುಂದಿರುತ್ತದೆ, ಆ ನಡುವೆ ಸಿಗುವುದು ಕಿರವತ್ತಿ. ಹಿಂದೆ ಆ ಹೆದ್ದಾರಿಗೆ 63 ಎಂಬ ನಂಬರಿತ್ತು, ಈಗ 52. ಯಲ್ಲಾಪುರ ಅರಣ್ಯ ವಿಭಾಗದ ಸಾಗವಾನಿ, ಮತ್ತಿ, ಹೊನ್ನೆ, ನಂದಿ ಎಲ್ಲ ಲಾರಿಯಲ್ಲಿ ಬಂದು ಇಲ್ಲಿ ಇಳಿಯುತ್ತಿದ್ದವು. ಲಾಟು ಲಾಟಾಗಿ ಜೋಡಿಸಿ ಹರಾಜು ಆಗುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಆ ಸಾಲುಗಳ ನಡುವೆ ಅಪ್ಪನ ಹಿಂದೆ ತಿರುಗುತ್ತಿದ್ದೆ. ಮಳೆ ಬಿದ್ದ ಮರುದಿನ ಸಾಗವಾನಿಯಿಂದ ಒಂದು ಬಗೆಯ ತೊಗಲಿನ ವಾಸನೆ ಬರುತ್ತದೆ. ಈಗಲೂ ಹೊಸ ಬೆಲ್ಟಿನ ಅಂಗಡಿಯೊಳಗೆ ಹೋದರೆ ನನಗೆ ಡಿಪೋ ನೆನಪಾಗುವುದು.

ನಾಟಾ ಒಂದರ ಜಾತಕವೆಲ್ಲ ಅದರ ಕೊಯ್ದ ತುದಿಯಲ್ಲಿರುತ್ತದೆ. ನಂಬರು, ಉದ್ದ, ಸುತ್ತಳತೆ ಅಲ್ಲೇ ಬರೆದಿರುತ್ತಾರೆ. ಇಲಾಖೆಯ ಹ್ಯಾಮರ್ ಹೊಡೆದ ಗುರುತು ಕಟ್ಟಿಗೆಯ ಒಳಕ್ಕೆ ಇಳಿದಿರುತ್ತದೆ. ಬಣ್ಣದಲ್ಲಿ ಬರೆದದ್ದು ಎರಡು ಮಳೆಗಾಲಕ್ಕೆ ತೊಳೆದು ಹೋಗಬಹುದು, ಹ್ಯಾಮರ್ ಗುರುತು ಹೋಗುವುದಿಲ್ಲ. ಅದನ್ನು ಅಳಿಸಬೇಕೆಂದರೆ ತುದಿಯನ್ನೇ ಕೊಯ್ದು ತೆಗೆಯಬೇಕು. ಹಾಗೆ ಕೊಯ್ದ ನಾಟಾ ಕಂಡರೆ ಅದು ಕಳವಿನ ಮಾಲು ಎಂದೇ ಅನುಮಾನ. 'ಮೈ ಎಲ್ಲಾ ಮರದಂಗನ ಇರತೈತಿ ತಮ್ಮಾ, ತುದಿ ನೋಡು' ಎನ್ನುತ್ತಿದ್ದ ಅಪ್ಪ. ಬಗ್ಗಿ, ಅಂಗೈಯಿಂದ ಮಣ್ಣು ಒರೆಸಿ, ಬೆರಳಿನಿಂದ ಗುರುತು ಸವರಿ ಓದುತ್ತಿದ್ದ. ಹಾಗೆ ಬಗ್ಗಿದಾಗ ಅವನ ಎಡ ಮುಂಗೈಯ ಗಡಿಯಾರ ಕಟ್ಟಿಗೆಗೆ ತಾಗಿ ಟಕ್ ಎನ್ನುತ್ತಿತ್ತು.

ಅದು ಎಚ್‌ಎಂಟಿ ಜನತಾ. 1974ರಲ್ಲಿ ಕೊಂಡದ್ದು, ನಾನು ಹುಟ್ಟಿದ ಮರುವರ್ಷ. ಆಗ ದುಡ್ಡು ಕೊಡುತ್ತೇನೆಂದರೂ ಎಚ್‌ಎಂಟಿ ಸುಲಭವಾಗಿ ಸಿಗುತ್ತಿರಲಿಲ್ಲ. ಬೇಡಿಕೆ ಅಷ್ಟಿತ್ತು. ಅಪ್ಪ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೆಸರು ಬರೆಸಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಒಂದು ಸೋಮವಾರ ರಜೆ ಹಾಕಿ ಹೋಗಿ ತಂದನಂತೆ. ದಿನಾ ಬೆಳಿಗ್ಗೆ ಧಾರವಾಡ ಆಕಾಶವಾಣಿಯಲ್ಲಿ 7.35ರ ದೆಹಲಿಯ ಕನ್ನಡ ವಾರ್ತೆ ಶುರುವಾಗುವಾಗ ಅಪ್ಪ ಚಹಾದ ಬಸಿ ಕೆಳಗಿಟ್ಟು ಗಡಿಯಾರ ಬಿಚ್ಚಿ ಚಾವಿ ಕೊಡುತ್ತಿದ್ದ. ಇಪ್ಪತ್ತೈದೋ ಮೂವತ್ತೋ ಸಲ ತಿರುವಿದಾಗ ಚಾವಿ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನನಗೆ ಆ ಕೆಲಸ ವಹಿಸಿದ್ದು ನಾಲ್ಕನೇ ಇಯತ್ತೆಗೆ ಹೋದ ಮೇಲೆ. ಬಿಗಿಯಾಗುವುದು ಎಂದರೇನು ಎಂಬುದನ್ನು ಬೆರಳಿಗೆ ಕಲಿಸಲು ಅಪ್ಪ ತನ್ನ ಬೆರಳನ್ನು ನನ್ನ ಬೆರಳ ಮೇಲಿಟ್ಟು ಒಂದು ವಾರ ತಿರುವಿಸಿದ.

ಇನ್ನು ಮುಂದಿನದನ್ನು ಬರೆಯುವುದು ನನಗೆ ಕಷ್ಟ.

1994ರಲ್ಲಿ ನನಗೆ ಬೆಂಗಳೂರಿನಲ್ಲಿ ನೌಕರಿಯಾಯಿತು. ಅಪ್ಪ ಅದರ ಹಿಂದಿನ ವರ್ಷ ನಿವೃತ್ತನಾಗಿದ್ದ. ಗಡಿಯಾರದ ಗಾಜು ಮಸುಕಾಗಿತ್ತು. ಡಯಲಿನ ಬಿಳಿ ಬಣ್ಣ ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ನಾಲ್ಕರ ಅಂಕಿಯ ಹತ್ತಿರ ನೀರು ಹೊಕ್ಕು ಒಂದು ಕಂದು ಕಲೆ ಆಗಿತ್ತು. ಅಪ್ಪನಿಗೊಂದು ಸಂತೋಷ ಕೊಡಬೇಕೆಂದು ಗಡಿಯಾರವನ್ನು ಕೇಳಿ ತೆಗೆದುಕೊಂಡು ಹೋದೆ. ಅಲ್ಲಿನ ಒಂದು ಅಂಗಡಿಯವನು 'ಹೊಸದರ ಹಾಗೆ ಮಾಡಿಕೊಡ್ತೀನಿ' ಎಂದ. ಬಣ್ಣದ ನಮೂನೆ ತೋರಿಸಿದ. ನಾನು ನೀಲಿ ಆರಿಸಿದೆ. ಹಳೆಯ ಡಯಲನ್ನು ಕೆರೆದು, ಬಣ್ಣ ಹೊಡೆದು, ಅಕ್ಷರ ಮತ್ತೆ ಅಚ್ಚು ಹಾಕಿದ. ಕೇಸನ್ನು ಬಫ್ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಯಿಸಿದ. ದೀಪಾವಳಿಗೆ ಊರಿಗೆ ಬಂದವನು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಬಹಳ ಹೊತ್ತು ನೋಡಿದ. ಹೆಬ್ಬೆರಳಿನಿಂದ ಅಂಚು ಸವರಿದ. ಇಪ್ಪತ್ತು ವರ್ಷ ಕಟ್ಟಿಗೆಗೆ ತಾಗಿ ತಾಗಿ ಬಿದ್ದ ಗೀರುಗಳಿದ್ದ ಅಂಚು. 'ಚೊಲೋ ಆಗೇತಿ' ಎಂದ. ಎರಡು ದಿನ ಕಟ್ಟಿಕೊಂಡ. ಆಮೇಲೆ ಅದು ಟ್ರಂಕಿನಲ್ಲಿ, ಅವನ ಖಾಕಿ ಅಂಗಿಯ ಕೆಳಗೆ ಹೋಯಿತು. 2003ರಲ್ಲಿ ಅಪ್ಪ ತೀರಿಕೊಂಡಾಗ ಟ್ರಂಕು ತೆರೆದೆವು. ಹೊಳಪು ಹಾಗೇ ಇತ್ತು. ಒಂಬತ್ತು ವರ್ಷದಲ್ಲಿ ಒಂದು ಹೊಸ ಗೀರೂ ಬಿದ್ದಿರಲಿಲ್ಲ.

ಸಂತೆಯಲ್ಲಿ ಆ ಗಡಿಯಾರದ ಬೆನ್ನು ನೋಡಿ, ಆಮೇಲೆ ಮುಖ ತಿರುಗಿಸಿ, ಹಳದಿಗಟ್ಟಿದ ಗಾಜಿನಡಿ 'ಜನತಾ' ಎಂಬ ಹೆಸರು ಕಂಡಾಗ ನನ್ನ ಕೈ ಯಾಕೆ ಅದನ್ನು ಬಿಡಲಿಲ್ಲ ಎಂದು ಈಗ ಓದುಗರಿಗೆ ಗೊತ್ತಾಗಿರಬೇಕು. ಗುಜರಿಯವನು ಮುನ್ನೂರು ಎಂದ. ಚೌಕಾಸಿ ಮಾಡದೆ ಕೊಟ್ಟೆ. ಎಲ್ಲಿಯದು ಎಂದು ಕೇಳಿದೆ. ಯಾರೋ ಮನೆ ಖಾಲಿ ಮಾಡುವಾಗ ಒಂದು ಚೀಲ ಸಾಮಾನು ಒಟ್ಟಿಗೆ ತೂಕಕ್ಕೆ ಹಾಕಿದ್ದು, ಯಾವ ಊರೋ ನೆನಪಿಲ್ಲ ಎಂದ.

ಎಚ್‌ಎಂಟಿ ಎಂದರೆ ಹಿಂದೂಸ್ತಾನ್ ಮಷೀನ್ ಟೂಲ್ಸ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರಕಾರಿ ಕಾರ್ಖಾನೆ. ಲೇತು, ಮಿಲ್ಲಿಂಗ್ ಯಂತ್ರ ಮಾಡುವವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನ ಪಡೆದು ಕೈಗಡಿಯಾರಕ್ಕೆ ಇಳಿದರು. ಮೊದಲ ಕಂತಿನ ಗಡಿಯಾರಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಅದಕ್ಕೂ ಮೊದಲು ನಮ್ಮ ಕಡೆ ಗಡಿಯಾರ ಎಂದರೆ ಸ್ವಿಸ್ ಮಾಲು. ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್, ರೋಮರ್. ಉಳ್ಳವರ ಮನೆಯಲ್ಲಿ ಒಂದಿದ್ದರೆ ಅದು ಮದುವೆಯಲ್ಲಿ ಮಾವ ಕೊಟ್ಟದ್ದು. ವಾಚರ್, ಕಂಡಕ್ಟರ್, ಕನ್ನಡ ಶಾಲೆಯ ಮಾಸ್ತರ ಇವರ ಕೈಗೆ ಗಡಿಯಾರ ಬಂದದ್ದು ಎಚ್‌ಎಂಟಿಯಿಂದ. ಅದಕ್ಕೇ ಜನತಾ ಎಂಬ ಹೆಸರು ನನಗೆ ಬರಿಯ ಮಾಡೆಲ್ಲಿನ ಹೆಸರಾಗಿ ಕೇಳಿಸುವುದಿಲ್ಲ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆಯಾಯಿತು. ಮುಂದೆ ಸೆಲ್ಲಿನ ಗಡಿಯಾರ ಬಂತು, ಹೊಸೂರಿನಿಂದ ಟೈಟನ್ ಬಂತು, ಚಾವಿ ಕೊಡುವ ಗಡಿಯಾರ ಮೂಲೆ ಸೇರಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ನನಗೆ ಸಂತೆಯಲ್ಲಿ ಈ ಗಡಿಯಾರ ಸಿಕ್ಕಿದ್ದು ಅದಾಗಿ ಎರಡು ವರ್ಷಕ್ಕೆ.

ಮುಚ್ಚಿದ ಮೇಲೆ ಒಂದು ವಿಚಿತ್ರವಾಯಿತು. ಯಾರೂ ಕೇಳದಿದ್ದ ಎಚ್‌ಎಂಟಿಗೆ ಬೆಲೆ ಬಂತು. ಬೆಲೆ ಬಂದದ್ದೇ ಕೆರೆದು ಬಣ್ಣ ಹೊಡೆದ ಡಯಲುಗಳೂ ರಾಶಿ ರಾಶಿ ಬಂದವು. ಎಚ್‌ಎಂಟಿ ಎಂದೂ ಮಾಡದ ಬಣ್ಣಗಳ ಜನತಾಗಳು, ಪೈಲಟ್ ಎಂಬ ಇನ್ನೊಂದು ಮಾಡೆಲ್ಲಿನವು. ಹಾಗಾಗಿ ಸಂತೆಯ ಗಡಿಯಾರವನ್ನು ಮನೆಗೆ ತಂದವನು ಮೊದಲು ಹುಡುಕಿದ್ದು ಇದರ ಮುಖ ಇದರದ್ದೇ ಹೌದೋ ಎಂಬುದನ್ನು. ಅವ್ವ ಅಕ್ಕಿ ಆರಿಸಲು ಇಟ್ಟುಕೊಂಡ ಭೂತಗನ್ನಡಿ ತಂದು ಅಂಗಳದ ಬೆಳಕಿಗೆ ಕೂತೆ. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರದ ಅಂಚು ಕತ್ತರಿಸಿದ ಹಾಗೆ ಇರುತ್ತದೆ. ಮತ್ತೆ ಬರೆದ ಅಕ್ಷರ ಸ್ವಲ್ಪ ದಪ್ಪ, ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿರುತ್ತದೆ. ನಿಮಿಷದ ಗೆರೆಗಳು ಅಂಚಿಗೆ ಎಲ್ಲ ಕಡೆಯೂ ಒಂದೇ ದೂರದಲ್ಲಿರಬೇಕು. ನಿಮಿಷದ ಮುಳ್ಳು ಆ ಗೆರೆಗಳನ್ನು ಮುಟ್ಟುವಷ್ಟು ಉದ್ದವಿರಬೇಕು, ಬೇರೆ ಗಡಿಯಾರದ್ದು ಹಾಕಿದ್ದರೆ ಗಿಡ್ಡವಾಗುತ್ತದೆ. ಇದರಲ್ಲಿ ಎಲ್ಲ ಸರಿಯಾಗಿತ್ತು. '17 ಜ್ಯುವೆಲ್ಸ್', 'ಪ್ಯಾರಾಶಾಕ್' ಎಂಬ ಸಣ್ಣ ಅಕ್ಷರ ಮಸುಕಾಗಿದ್ದರೂ ಚೂಪಾಗಿತ್ತು. ಹನ್ನೆರಡರ ಕೆಳಗೆ ಅಪ್ಪನದಕ್ಕಿದ್ದಂಥದ್ದೇ ಒಂದು ಕಂದು ಕಲೆ. ಅಪ್ಪನದು ನಾಲ್ಕರ ಹತ್ತಿರ ಇತ್ತು. ಇದು ಅಪ್ಪನದಲ್ಲ. ಆದರೆ ಇದೂ ನಮ್ಮ ಕಡೆಯ ಮಳೆಯಲ್ಲಿ ನೆನೆದ ಗಡಿಯಾರವೇ.

ಚಾವಿ ತಿರುಗುತ್ತಿತ್ತು, ಬಿಗಿಯಾಗುತ್ತಿರಲಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಂದೆರಡು ಸಲ ಮಿಡಿದು ಸುಮ್ಮನಾಗುತ್ತಿತ್ತು.

ಹುಬ್ಬಳ್ಳಿಯ ಹಳೆ ಪೇಟೆಯ ಓಣಿಯಲ್ಲಿ ಒಬ್ಬ ಅಜ್ಜ ಇನ್ನೂ ಚಾವಿ ಗಡಿಯಾರ ಬಿಚ್ಚುತ್ತಾರೆ ಎಂದು ಯಾರೋ ಹೇಳಿದರು. ಹೋದೆ. ಎರಡು ಮೆಟ್ಟಿಲ ಮೇಲೆ ಒಂದು ಗಾಜಿನ ಡಬ್ಬಿಯಷ್ಟು ಅಂಗಡಿ. ಎಪ್ಪತ್ತು ದಾಟಿದ್ದ ಅವರು ಬಲಗಣ್ಣಿಗೆ ಗ್ಲಾಸು ಸಿಕ್ಕಿಸಿಕೊಂಡು ಕೂತಿದ್ದರು. ನಾನು ಅಭ್ಯಾಸದ ಮಾತು ಆಡಿದೆ. 'ಅಜ್ಜಾರ, ಇದನ್ನ ಹೊಸದರಂಗ ಮಾಡಿಕೊಡ್ರಿ.'

'ಹೊಸದು ಬೇಕಂದ್ರ ಹೊಸದ ತಗೋರಿ' ಎಂದರು ಅವರು, ತಲೆ ಎತ್ತದೆ. 'ನನಗ ನಡಸಾಕ ಬರತೈತಿ. ಹೊಸದು ಮಾಡಾಕ ಬರೂದಿಲ್ಲ.'

ಮುಚ್ಚಳ ತೆಗೆದರು. ಯಂತ್ರದ ಮೇಲಲ್ಲ, ತೆಗೆದ ಮುಚ್ಚಳದ ಒಳಮೈ ಮೇಲೆ ಅವರ ಕಣ್ಣು ಹೋಯಿತು. ಅದನ್ನು ದೀಪಕ್ಕೆ ಓರೆಯಾಗಿ ಹಿಡಿದರು. 'ಬರ್ರಿ ಇಲ್ಲೆ' ಎಂದು ತಮ್ಮ ಗ್ಲಾಸನ್ನು ಬಿಚ್ಚಿ ನನಗೆ ಕೊಟ್ಟರು.

ಉಕ್ಕಿನ ಆ ನುಣುಪು ಬಟ್ಟಲಿನ ಒಳಗೆ ಸೂಜಿಯಲ್ಲಿ ಕೊರೆದ ಗೀರುಗಳಿದ್ದವು. ಕೂದಲಿನಷ್ಟು ಸಣ್ಣವು. ಒಂದು ಕಡೆ ಎರಡಂಕಿ, ಓರೆಗೆರೆ, ಮತ್ತೆರಡಂಕಿ. ಇನ್ನೊಂದು ಕಡೆ ಒಂದು ಅಕ್ಷರ, ಕೆಳಗೆ '84'. ಇನ್ನೆರಡು ಬರಿಯ ಕೊಕ್ಕೆಯಂಥ ಚಿಹ್ನೆಗಳು. ಗಡಿಯಾರ ಬಿಚ್ಚಿದವರು ಪ್ರತಿ ಸಲ ತಮ್ಮ ಗುರುತು ಹಾಕಿಡುತ್ತಾರೆ, ಮುಂದೆ ಮತ್ತೆ ಬಂದರೆ ತಾವೇ ಬಿಚ್ಚಿದ್ದು ಹೌದೋ ಅಲ್ಲವೋ, ಯಾವಾಗ ಎಂದು ತಿಳಿಯಲಿಕ್ಕೆ. ಗಿರಾಕಿಗೆ ಅದು ಕಾಣುವುದೇ ಇಲ್ಲ. 'ನಾಕು ಮಂದಿ ಬಿಚ್ಯಾರ' ಎಂದರು ಅಜ್ಜ ಎಣಿಸಿ. 'ಇಟ್ಟಾಂವ ಛಲೋ ಇಟ್ಟಾನ. ನಿಂತಾಗೆಲ್ಲಾ ಒಯ್ದು ನಡಸ್ಯಾನ.' ಹೆಸರಿಲ್ಲದ ಆ ಮನುಷ್ಯ ನಾಲ್ಕು ಸಲ ಬಸ್ಸು ಹತ್ತಿ ಪೇಟೆಗೆ ಹೋಗಿ, ನಾಲ್ಕು ಸಲ ಖರ್ಚು ಮಾಡಿ ಇದನ್ನು ನಡೆಸಿದ್ದಾನೆ. ನಾಟಾದ ತುದಿ ಓದಿ ಅದು ಬಂದ ಕಾಡಿನ ಹೆಸರು ಹೇಳುತ್ತಿದ್ದ ಅಪ್ಪ ನನ್ನ ಪಕ್ಕ ನಿಂತಿದ್ದರೆ ಅವನೂ ಈ ಅಜ್ಜನೂ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಎರಡನೇ ಸಲ ಹೋದಾಗ ಕೂತು ನೋಡಲು ಬಿಟ್ಟರು. ಗಡಿಯಾರ ಪೂರಾ ಬಿಚ್ಚಿ ಬಿಳಿ ಕಾಗದದ ಮೇಲೆ ಬಿಚ್ಚಿದ ಕ್ರಮದಲ್ಲೇ ಇಟ್ಟಿದ್ದರು. ಎಣ್ಣೆ ಒಣಗಿ ಹಲಸಿನ ಮೇಣದ ಹಾಗೆ ಅಂಟಾಗಿತ್ತು. ಚಾವಿಯ ಕಡ್ಡಿಗೆ, ಅದರ ಸುತ್ತಲಿನ ಸಣ್ಣ ಹಲ್ಲಿನ ಚಕ್ರಗಳಿಗೆ ತುಕ್ಕು ಹಿಡಿದಿತ್ತು. ನೀರು ಒಳಗೆ ಹೋಗುವುದು ಹೆಚ್ಚಾಗಿ ಚಾವಿಯ ತೂತಿನಿಂದಲೇ, ಹಾಗಾಗಿ ಮೊದಲು ಕೆಡುವುದೂ ಅಲ್ಲೇ. ಮುಖ್ಯ ಸ್ಪ್ರಿಂಗು ಒಳಗಿನ ಕೊನೆಯ ಹತ್ತಿರ ಮುರಿದಿತ್ತು. ಚಾವಿ ಬಿಗಿಯಾಗದ ಕಾರಣ ಅದು. ಆದರೆ ಬ್ಯಾಲೆನ್ಸ್ ಚಕ್ರದ ಅಚ್ಚು ಸರಿಯಿತ್ತು. ಆ ಅಚ್ಚಿನ ತುದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಸಪೂರ. ಹಳೆಯ ಗಡಿಯಾರ ಕೈತಪ್ಪಿ ಬಿದ್ದರೆ ಮುರಿಯುತ್ತಿದ್ದದ್ದು ಅದೇ. ಪ್ಯಾರಾಶಾಕ್ ಎಂಬುದು ಸಿಟಿಜನ್‌ನವರ ಉಪಾಯ. ಅಚ್ಚಿನ ತುದಿ ಕೂರುವ ಕೆಂಪು ಹರಳನ್ನು ಒಂದು ಸಣ್ಣ ಸ್ಪ್ರಿಂಗಿನ ಮೇಲೆ ಕೂರಿಸಿರುತ್ತಾರೆ. ಪೆಟ್ಟು ಬಿದ್ದಾಗ ಹರಳು ತುಸು ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಅಪ್ಪನ ಗಡಿಯಾರ ಅಷ್ಟೊಂದು ಸಲ ಕಟ್ಟಿಗೆಗೆ ತಾಗಿಯೂ ನಿಲ್ಲದೆ ಹೋದದ್ದರ ಗುಟ್ಟು ನನಗೆ ಗೊತ್ತಾದದ್ದು ಆ ದಿನ.

ಭಾಗಗಳನ್ನು ಬಿಳಿ ಪೆಟ್ರೋಲಿನಲ್ಲಿ ತೊಳೆದು, ಮೆತ್ತನೆಯ ಕುಂಚದಲ್ಲಿ ಹಲ್ಲು ಹಲ್ಲಿನ ಸಂದು ಉಜ್ಜಿ, ರಬ್ಬರಿನ ಉಂಡೆ ಒತ್ತಿ ಗಾಳಿ ಊದಿ ಒಣಗಿಸಿದರು. ಮಾತಿಲ್ಲ. ಹೊಸ ಸ್ಪ್ರಿಂಗು ಎಲ್ಲಿಂದ ಬರಬೇಕು? ಕಾರ್ಖಾನೆಯೇ ಇಲ್ಲ. ಕುರ್ಚಿಯ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಎಳೆದರು. ಒಳಗೆ ಸತ್ತ ಎಚ್‌ಎಂಟಿಗಳು, ಐವತ್ತಾದರೂ ಇದ್ದಾವು. ಜನತಾದಲ್ಲಿರುವ 020 ಎಂಬ ಯಂತ್ರದ್ದೇ ಇನ್ನೊಂದನ್ನು ಆರಿಸಿ ಅದರಿಂದ ಸ್ಪ್ರಿಂಗು, ಚಾವಿಯ ಕಡ್ಡಿ ತೆಗೆದರು. ಎಣ್ಣೆ ಹಾಕಿದ್ದು ಸೂಜಿಯ ತುದಿಯಲ್ಲಿ. ಪ್ರತಿ ಹರಳಿಗೂ ಹನಿ ಎಂದು ಕರೆಯಲೂ ಆಗದಷ್ಟು. ಹೆಚ್ಚಾದರೆ ಹರಡಿ ಹೋಗುತ್ತದೆ, ಕಡಿಮೆಯಾದರೆ ಅಚ್ಚು ಸವೆಯುತ್ತದೆ. ಕೊನೆಗೆ ಬ್ಯಾಲೆನ್ಸ್ ಚಕ್ರವನ್ನು ಅದರ ಕೂದಲೆಳೆಯ ಸ್ಪ್ರಿಂಗಿನ ಸಮೇತ ಚಿಮಟದಲ್ಲಿ ಎತ್ತಿ ಇಳಿಸಿದರು. ಇಳಿದದ್ದೇ, ಯಾರೂ ಮುಟ್ಟದೆ, ಅದು ಆಡತೊಡಗಿತು. ಒಂದು ಸೆಕೆಂಡಿಗೆ ಐದು ಮಿಡಿತ, ಗಂಟೆಗೆ 18,000, ದಿನಕ್ಕೆ 4,32,000. ನಾನು ಉಸಿರು ಬಿಗಿಹಿಡಿದು ಕೂತಿದ್ದೆ ಎಂದು ಗೊತ್ತಾದದ್ದು ಬಿಟ್ಟಾಗ.

ಗಾಜು ಅಕ್ರಿಲಿಕ್ಕಿನದು. ಉಜ್ಜಿ ನೋಡಿದರು, ಹಳದಿ ಹೋಗಲಿಲ್ಲ, ಬೇರೆ ಹಾಕಿದರು. ಡಯಲನ್ನು ಮಾತ್ರ ಒಣ ಕುಂಚದಲ್ಲಿ ಒಮ್ಮೆ ಸವರಿ ಬಿಟ್ಟರು.

'ಆ ಕಲಿ?' ಎಂದು ಕೇಳಿದೆ.

'ಮಾರಿ ಮ್ಯಾಲಿನ ಕಲಿ ತಗದ್ರ ಗುರ್ತ ಹತ್ತೂದಿಲ್ರೀ' ಎಂದರು.

ಆ ಮಾತಿಗೆ ನನ್ನ ಗಂಟಲು ಕಟ್ಟಿತು. 1994ರ ದೀಪಾವಳಿಯ ಸಂಗತಿಯನ್ನು ಹೆಂಡತಿಗೂ ಪೂರ್ತಿಯಾಗಿ ಹೇಳಿರಲಿಲ್ಲ, ಅವರಿಗೆ ಹೇಳಿದೆ. ಅವರು ಕುಂಚ ಕೆಳಗಿಟ್ಟು ಕೇಳಿದರು. 'ತಂದು ತೋರಸ್ರಿ' ಎಂದರಷ್ಟೆ.

ಸಂತೆಯ ಗಡಿಯಾರವನ್ನು ಹತ್ತು ದಿನ ತಮ್ಮಲ್ಲೇ ಇಟ್ಟುಕೊಂಡರು. ಒಂದು ದಿನ ಮುಖ ಮೇಲೆ, ಒಂದು ದಿನ ಕೆಳಗೆ, ಒಂದು ದಿನ ಚಾವಿ ಕೆಳಗಾಗಿ ತೂಗುಹಾಕಿ, ಹಿಂದೆ ಮುಂದೆ ಹೋಗುವುದನ್ನು ಚೀಟಿಯಲ್ಲಿ ಬರೆದು, ಸಣ್ಣ ಕಡ್ಡಿಯನ್ನು ಕೂದಲಿನಷ್ಟು ಸರಿಸಿ ಹದಕ್ಕೆ ತಂದರು. ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತದೆ. ಅದರ ವಯಸ್ಸಿಗೆ ಅದು ಬಹಳ ಆಯಿತು ಎಂದರು.

ಅದನ್ನು ತರಲು ಹೋಗುವಾಗ ಅಪ್ಪನ ನೀಲಿ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದೆ. ಅಜ್ಜ ಅದರ ಮುಖವನ್ನು ಒಂದು ಕ್ಷಣ ನೋಡಿ ಮಗುಚಿದರು. ಹಳೆ ಡಯಲ್ ಹಾಕಬಹುದೇ ಎಂದು ಕೇಳಿದೆ. ಡಬ್ಬಿಯಲ್ಲಿ ಎರಡು ಮೂರು ಇದ್ದವು. 'ಹಾಕಬಹುದ್ರೀ. ಆದ್ರ ಅದು ಬ್ಯಾರೆದವರ ಮಾರಿ ಆಗತೈತಿ' ಎಂದರು. ಕೆರೆದು ಹೋದದ್ದು ಕೆರೆದು ಹೋಯಿತು. ನಾಲ್ಕರ ಹತ್ತಿರದ ಕಲೆಯನ್ನು ಯಾರೂ ಮರಳಿ ತರಲಾರರು. ಬೇಡ ಎಂದೆ.

ಆಮೇಲೆ ಮುಚ್ಚಳ ತೆಗೆದರು. ದೀಪಕ್ಕೆ ಓರೆ ಹಿಡಿದರು. ಏನೂ ಹೇಳದೆ ಕಣ್ಣಿನ ಗ್ಲಾಸು ಬಿಚ್ಚಿ ನನ್ನ ಕಡೆ ಚಾಚಿದರು.

ಬಫ್ ಚಕ್ರ ಒಳಗೆ ಹೋಗಿರಲಿಲ್ಲ. ಮೂರು ಗೀರುಗಳಿದ್ದವು. '77'. '81'. ಮೂರನೆಯದು '86', ಪಕ್ಕದಲ್ಲೊಂದು ಚುಕ್ಕೆ. ಎಂಬತ್ತಾರರದು ನನಗೆ ನೆನಪಿದೆ. ನಾನು ಹೈಸ್ಕೂಲಿನಲ್ಲಿದ್ದೆ. ಆ ವರ್ಷ ಮಳೆಗಾಲದಲ್ಲಿ ಗಡಿಯಾರ ನಿಂತು, ಅಪ್ಪ ಹದಿನೈದು ದಿನ ಬರಿಗೈಯಲ್ಲಿ ಓಡಾಡುತ್ತ, ಹೊತ್ತು ನೋಡಲು ಮುಂಗೈ ಎತ್ತಿ ಎತ್ತಿ ಇಳಿಸುತ್ತಿದ್ದ. ಕೊನೆಗೆ ಒಂದು ದಿನ ಹುಬ್ಬಳ್ಳಿ ಬಸ್ಸಿನಿಂದ ಇಳಿದವನು ಮನೆಯ ಮೆಟ್ಟಿಲು ಹತ್ತುವ ಮೊದಲೇ ನನ್ನ ಕಿವಿಗೆ ಅದನ್ನು ಹಿಡಿದ. ತೊಯ್ದ ತೋಳಿನಿಂದ ಸಾಗವಾನಿಯ ವಾಸನೆ ಬರುತ್ತಿತ್ತು.

ಅಜ್ಜ ಅದನ್ನೂ ಬಿಚ್ಚಿ, ತೊಳೆದು, ಎಣ್ಣೆ ಹಾಕಿದರು. ಎರಡರ ಮುಚ್ಚಳವನ್ನೂ ಹಾಕುವ ಮೊದಲು ಸೂಜಿ ಎತ್ತಿಕೊಂಡು, ಉಳಿದವರ ಗುರುತಿಗೆ ತಾಗದ ಹಾಗೆ ಜಾಗ ನೋಡಿ, ಸಣ್ಣದಾಗಿ '18' ಎಂದು ಗೀರಿದರು.

ಈಗ ಬೆಳಿಗ್ಗೆ ಎರಡಕ್ಕೂ ಚಾವಿ ಕೊಡುತ್ತೇನೆ. ಬಿಗಿಯಾದಲ್ಲಿಗೆ ಬೆರಳು ತಾನಾಗಿ ನಿಲ್ಲುತ್ತದೆ. ಕೈಗೆ ಕಟ್ಟಿಕೊಳ್ಳುವುದು ನೀಲಿಯದನ್ನು. ಅದರ ಅಂಚಿನ ಮೇಲೆ ಈಗ ಎಂಟು ಹತ್ತು ಗೀರುಗಳಾಗಿವೆ.